ಇಂಟರ್ನೆಟ್ ಕಡಿದಾಗ ದೋಷ ಎಲ್ಲಿದೆ?

ನಳದಲ್ಲಿ ನೀರು ನಿಂತರೆ ನಾವು ಮೊದಲು ಮಾಳಿಗೆ ಹತ್ತಿ ಟಾಂಕಿ ನೋಡುತ್ತೇವೆ. ಟಾಂಕಿ ತುಂಬಿದ್ದರೆ ದೋಷ ಮನೆಯ ಪೈಪಿನದು. ಖಾಲಿಯಿದ್ದರೆ ಹೊರಗಿನಿಂದ ನೀರು ಬಂದಿಲ್ಲ. ಇಂಟರ್ನೆಟ್ ನಿಂತಾಗ ಮಾತ್ರ ನಾವು ಏನನ್ನೂ ನೋಡುವುದಿಲ್ಲ. ರೂಟರ್ ಬಂದ್ ಮಾಡಿ ಮತ್ತೆ ಚಾಲೂ ಮಾಡುತ್ತೇವೆ. ಕಂಪೆನಿಗೆ ಫೋನ್ ಮಾಡಿದರೆ "ನಮ್ಮ ಕಡೆ ಎಲ್ಲ ಸರಿಯಿದೆ, ರೂಟರ್ ಬದಲಿಸಿ" ಎಂಬ ಉತ್ತರ. ಫೋನ್ ಮಾಡಿದವಳು ಮನೆಯ ಹೆಂಗಸಾದರೆ, "ಮನೆಯಲ್ಲಿ ಗಂಡಸರಿದ್ದರೆ ಕೊಡಿ" ಎನ್ನುವುದೂ ಉಂಟು.

ಮಗಳ ಪರೀಕ್ಷಾ ಅರ್ಜಿ, ಕೊಲ್ಲಿಯಲ್ಲಿರುವ ಯಜಮಾನರ ವೀಡಿಯೊ ಕರೆ, ಮನೆಯಲ್ಲೇ ಕುಳಿತು ಮಾಡುವ ಕೆಲಸ ಎಲ್ಲವೂ ಇದೇ ತಂತಿಯನ್ನು ನಂಬಿವೆ. ಆದ್ದರಿಂದ ದೋಷ ಎಲ್ಲಿದೆ ಎಂದು ತಿಳಿಯುವ ಸರಳ ಪರೀಕ್ಷೆಯನ್ನು ನಮ್ಮ ಸಹೋದರಿಯರು ಕಲಿಯುವುದು ಒಳ್ಳೆಯದು. ಅದರ ಹೆಸರು 'ಪಿಂಗ್'.

1983ರ ಡಿಸೆಂಬರ್‌ನಲ್ಲಿ ಅಮೆರಿಕದ ಸೇನಾ ಪ್ರಯೋಗಾಲಯವೊಂದರಲ್ಲಿದ್ದ ಮೈಕ್ ಮೂಸ್ ಇದನ್ನು ರಚಿಸಿದರು. ಜಲಾಂತರ್ಗಾಮಿಗಳು ನೀರಿನೊಳಗೆ ಸದ್ದು ಕಳಿಸಿ ಅದರ ಪ್ರತಿಧ್ವನಿ ಕೇಳುತ್ತವಲ್ಲವೇ? ಇದೂ ಹಾಗೆಯೇ. ನಮ್ಮ ಯಂತ್ರವು ಇನ್ನೊಂದು ಯಂತ್ರಕ್ಕೆ "ಇದ್ದೀಯಾ?" ಎಂದು ಸಣ್ಣ ಸಂದೇಶ ಕಳಿಸುತ್ತದೆ. ಅದು "ಇದ್ದೇನೆ" ಎಂದು ಮರಳಿಸುತ್ತದೆ. ಹೋಗಿ ಬಂದ ಸಮಯ ಮಿಲಿಸೆಕೆಂಡುಗಳಲ್ಲಿ ಕಾಣುತ್ತದೆ.

ಕಲಬುರಗಿಯಿಂದ ಬೆಂಗಳೂರು ಸುಮಾರು 600 ಕಿ.ಮೀ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಅಂದರೆ ಹೋಗಿ ಬರಲು ಕನಿಷ್ಠ 6 ಮಿಲಿಸೆಕೆಂಡು ಬೇಕು. ದಾರಿಯ ಸುತ್ತು, ನಡುವಿನ ಯಂತ್ರಗಳು ಸೇರಿದರೆ ಅದು ಇನ್ನಷ್ಟು ಹೆಚ್ಚುತ್ತದೆ.

ಪರೀಕ್ಷೆ ಹೀಗೆ: ವಿಂಡೋಸ್ ಕಂಪ್ಯೂಟರನ್ನು ತಂತಿಯಿಂದ ರೂಟರ್‌ಗೆ ಜೋಡಿಸಿ, 'ಕಮಾಂಡ್ ಪ್ರಾಂಪ್ಟ್' ತೆರೆಯಿರಿ. ಇಂಗ್ಲಿಷ್ ಅಕ್ಷರಗಳಲ್ಲಿ ಪಿಂಗ್ ಎಂದು ಬರೆದು, ಜಾಗ ಬಿಟ್ಟು ಚಿಕ್ಕ ಗೆರೆ ಮತ್ತು ಟಿ ಅಕ್ಷರ ಹಾಕಿ, ಮತ್ತೆ ಜಾಗ ಬಿಟ್ಟು ರೂಟರ್‌ನ ವಿಳಾಸ ಬರೆಯಿರಿ. ಸಾಮಾನ್ಯವಾಗಿ ಅದು 192.168.1.1 ಅಥವಾ 192.168.0.1, ರೂಟರ್‌ನ ಅಡಿಯ ಚೀಟಿಯಲ್ಲಿರುತ್ತದೆ. ಇನ್ನೊಂದು ಕಿಟಕಿಯಲ್ಲಿ ಇದೇ ರೀತಿ ಹೊರಗಿನ ವಿಳಾಸವಾದ 8.8.8.8 ಹಾಕಿ. ಟಿ ಅಕ್ಷರ ಇದ್ದರೆ ನೀವು ಕಂಟ್ರೋಲ್ ಮತ್ತು ಸಿ ಒತ್ತುವವರೆಗೂ ಪರೀಕ್ಷೆ ನಿಲ್ಲದು. ಕಡಿತವು ನಾಲ್ಕು ಸಂದೇಶಗಳಲ್ಲಿ ಸಿಗದಿರಬಹುದು, ನಾಲ್ಕು ಗಂಟೆಗಳಲ್ಲಿ ಸಿಗುತ್ತದೆ.

ರೂಟರ್ ಉತ್ತರಿಸುತ್ತಾ ಹೊರಗಿನದು ಮಾತ್ರ 'ರಿಕ್ವೆಸ್ಟ್ ಟೈಮ್ಡ್ ಔಟ್' ಎಂದರೆ ದೋಷ ರೂಟರ್‌ನಿಂದಾಚೆಗೆ ಇರುವ ಸಂಭವ ಹೆಚ್ಚು. ತಂತಿಯಲ್ಲಿ ಸರಿಯಿದ್ದು ವೈಫೈಯಲ್ಲಿ ಮಾತ್ರ ರೂಟರ್ ಉತ್ತರ ತಪ್ಪಿದರೆ ದೋಷ ಮನೆಯೊಳಗಿದೆ. ಅನೇಕ ರೂಟರ್‌ಗಳ 'ಡಯಾಗ್ನೊಸ್ಟಿಕ್ಸ್' ಪುಟದಿಂದಲೇ ಪಿಂಗ್ ಮಾಡಬಹುದು. ಆಗ ವೈಫೈಯ ಮಾತೇ ಬರುವುದಿಲ್ಲ. ಮೈಕ್ರೋಟಿಕ್‌ನಂತಹ ರೂಟರ್‌ಗಳು 'ನೆಟ್‌ವಾಚ್' ಮೂಲಕ ತಾವೇ ಹಗಲಿರುಳು ಪರೀಕ್ಷಿಸುತ್ತವೆ.

ನಾನು ಕಂಡ ಎರಡು ಮನೆಗಳ ಮಾತು ಹೇಳುತ್ತೇನೆ. ಕಲಬುರಗಿಯ ಮನೆಯೊಂದರಲ್ಲಿ ವೈಫೈಯಲ್ಲಿ ರೂಟರ್‌ನ ಉತ್ತರವೇ ತಪ್ಪುತ್ತಿತ್ತು. ರೂಟರ್ ಕಬ್ಬಿಣದ ಅಲ್ಮಾರಿಯ ಹಿಂದೆ ಇತ್ತು! ಅದನ್ನು ನಡುಮನೆಯ ಗೋಡೆಗೆ ತಂದಾಗ ಎಲ್ಲ ಸರಿಹೋಯಿತು. ಕಮಲಾಪುರದ ಮನೆಯಲ್ಲಿ ರೂಟರ್ 1 ಮಿಲಿಸೆಕೆಂಡಿಗೇ ಉತ್ತರಿಸುತ್ತಿತ್ತು, ಹೊರಗಿನದು ಸಂಜೆಯಾದರೆ ಕಡಿಯುತ್ತಿತ್ತು. ಮನೆಯಾಕೆ ನಾಲ್ಕು ದಿನ ವೇಳೆ ಬರೆದಿಟ್ಟು ತೋರಿಸಿದ ಮೇಲೆ ಕೆಲಸಗಾರರು ಕಂಬದ ಮೇಲಿನ ಜೋಡಣೆ ಸರಿಪಡಿಸಿದರು. ಹೊಸ ರೂಟರ್‌ನ ಖರ್ಚು ಉಳಿಯಿತು.

ಕೆಲವು ಎಚ್ಚರಿಕೆಗಳು: ಒಂದೆರಡು ಉತ್ತರ ತಪ್ಪಿದರೆ ಅದು ದೋಷವಲ್ಲ. ಕೆಲವು ಯಂತ್ರಗಳು ಪಿಂಗ್‌ಗೆ ಉತ್ತರಿಸುವುದೇ ಇಲ್ಲ, ಹಾಗಾಗಿ 1.1.1.1 ಅನ್ನೂ ಪರೀಕ್ಷಿಸಿ. ಪರದೆಯ ಸಾಲುಗಳಲ್ಲಿ ವೇಳೆ ಇರುವುದಿಲ್ಲ, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಫೈಬರ್ ಪೆಟ್ಟಿಗೆಯಲ್ಲಿ 'ಲಾಸ್' ದೀಪ ಕೆಂಪಾಗಿದ್ದರೆ ಬೆಳಕೇ ತಲಪುತ್ತಿಲ್ಲ. ಪರೀಕ್ಷೆ ಬೇಡ, ನೇರ ದೂರು ಕೊಡಿ.

ದೂರು ಕೊಟ್ಟಾಗ ಡಾಕೆಟ್ ಸಂಖ್ಯೆ ಕೇಳಿ ಪಡೆಯಿರಿ. ಟ್ರಾಯ್‌ನ 2012ರ ನಿಯಮಗಳಂತೆ, ಪರಿಹಾರ ತೃಪ್ತಿ ತರದಿದ್ದರೆ ಅದೇ ಕಂಪೆನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಶುಲ್ಕವಿಲ್ಲದೆ ಹೋಗಬಹುದು. "ನೆಟ್ ಬರುವುದಿಲ್ಲ" ಎನ್ನುವುದಕ್ಕಿಂತ "ರೂಟರ್ ಉತ್ತರಿಸುತ್ತಿದೆ, ನಿನ್ನೆ ಸಂಜೆ 7ರಿಂದ 7.20ರವರೆಗೆ ಹೊರಗಿನ ಉತ್ತರ ನಿಂತಿತ್ತು" ಎಂದು ಹೇಳಿ ನೋಡಿ. ಆಗ "ಗಂಡಸರಿಗೆ ಕೊಡಿ" ಎನ್ನಲು ಕಾರಣ ಉಳಿಯುವುದಿಲ್ಲ.