ಸೋತವರೂ ಒಪ್ಪುವ ಶರ್ಯತ್ತು

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಜಾತ್ರೆಗಳಿಗೆ ಎತ್ತಿನ ಗಾಡಿ ಶರ್ಯತ್ತು ಹೊಸದಲ್ಲ. ಗೆದ್ದವರಿಗೆ ಗುಲಾಲು, ಮೆರವಣಿಗೆ. ಸೋತವರೂ ‘ನ್ಯಾಯವಾಗಿ ಸೋತೆವು’ ಎಂದು ಒಪ್ಪಬೇಕಾದರೆ ಓಟದ ಕ್ರಮ ಹೇಗಿರಬೇಕು? ವಿದ್ಯಾರ್ಥಿಗಳು ಪಾಟಿ ಹಿಡಿದು ಬಿಡಿಸಬಹುದಾದ ಲೆಕ್ಕವಿದು.

ಗಾಡಿಗಳು 12, ಹಾದಿಯಲ್ಲಿ ಒಮ್ಮೆಗೆ ಓಡಬಲ್ಲವು 4 ಎನ್ನಿ. ಚೀಟಿ ಎತ್ತಿ ಮೂರು ಗುಂಪು ಮಾಡಿದರೆ ಗೆದ್ದ ಮೂರು ಗಾಡಿ ಅಂತಿಮ ಓಟಕ್ಕೆ ಬರುತ್ತವೆ. ಆದರೆ ಬಲವಾದ ಎರಡು ಜೋಡಿ ಒಂದೇ ಗುಂಪಿಗೆ ಬಿದ್ದರೆ? ಒಂದು ಮನೆಗೆ ಹೋಗುತ್ತದೆ, ಅದಕ್ಕಿಂತ ನಿಧಾನದ ಜೋಡಿ ಇನ್ನೊಂದು ಗುಂಪಿನಿಂದ ಅಂತಿಮಕ್ಕೆ ಏರುತ್ತದೆ!

ಹಾಗಾದರೆ ಉಳಿದ ನಾಲ್ಕನೆಯ ಸ್ಥಾನವನ್ನು ಗಡಿಯಾರ ನೋಡಿ ಕೊಡೋಣವೇ? ಅಲ್ಲಿಯೂ ತೊಡಕಿದೆ. ಬೆಳಗಿನ ಮಣ್ಣು ಮಧ್ಯಾಹ್ನಕ್ಕೆ ಇರುವುದಿಲ್ಲ. ಗಾಲಿ, ಗೊರಸುಗಳ ತುಳಿತಕ್ಕೆ ನೆಲ ಪುಡಿಯಾಗುತ್ತದೆ, ಬಿಸಿಲೂ ಏರುತ್ತದೆ. ಒಂದೊಂದೇ ಜೋಡಿ ಭಾರದ ಬಂಡಿ ಎಳೆಯುವ ತೆರಬಂಡಿ ಸ್ಪರ್ಧೆಯಲ್ಲೂ ಸರದಿ ಮೊದಲೋ ಕೊನೆಯೋ ಎಂಬುದು ಮುಖ್ಯವೇ.

ಅಮೆರಿಕದ ಮಣ್ಣಿನ ಹಾದಿಯ ಸ್ಪ್ರಿಂಟ್ ಕಾರುಗಳದ್ದೂ ಇದೇ ಗೋಳು. ಅಯೋವಾ ರಾಜ್ಯದ ನಾಕ್ಸ್‌ವಿಲ್‌ನಲ್ಲಿ ಇವುಗಳ ದೊಡ್ಡ ಪಂದ್ಯ 1961ರಲ್ಲಿ ಆರಂಭವಾಯಿತು. ಅಲ್ಲಿನವರು ಒಂದೇ ಉಪಾಯವನ್ನು ನಂಬುವುದಿಲ್ಲ. ಮೊದಲು ಗಡಿಯಾರದ ಪರೀಕ್ಷೆ, ಬಳಿಕ ಗುಂಪಿನ ಓಟ, ಹಿಂದೆ ಬಿದ್ದವರಿಗೆ ಇನ್ನೊಂದು ಅವಕಾಶದ ಓಟ, ಕೊನೆಗೆ ಮುಖ್ಯ ಓಟ. ಒಂದರಲ್ಲಿ ಅದೃಷ್ಟ ಕೈಕೊಟ್ಟರೆ ಇನ್ನೊಂದು ಕೈಹಿಡಿಯುತ್ತದೆ.

ಇದನ್ನು ಹಾಗೆಯೇ ಜಾತ್ರೆಗೆ ತರಲಾದೀತೆ? ಕಾರಿಗೆ ಇಂಧನ ತುಂಬಿದರೆ ಮತ್ತೆ ಓಡೀತು. ಎತ್ತಿಗೆ ದಣಿವುಂಟು. ಯಜಮಾನರಿಗೆ ನ್ಯಾಯ ಒದಗಿಸಲು ಓಟ ಹೆಚ್ಚಿಸಿದಷ್ಟೂ ಮೂಕಪ್ರಾಣಿಗೆ ಅನ್ಯಾಯ. 2014ರಲ್ಲಿ ಸುಪ್ರೀಂ ಕೋರ್ಟ್ ಇಂಥ ಓಟಗಳಿಗೆ ತಡೆ ಹಾಕಿದ್ದು ಪ್ರಾಣಿಹಿಂಸೆಯ ಕಾರಣಕ್ಕೇ. ಕರ್ನಾಟಕ 2017ರಲ್ಲಿ ಕಾನೂನು ತಿದ್ದಿತು. 2023ರ ಮೇ 18ರಂದು ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಹಿಂಸೆ ಮಾಡಲು ಮಾತ್ರ ಅನುಮತಿ ಸಿಕ್ಕಿಲ್ಲ.

ಆದ್ದರಿಂದ ಮಧ್ಯದ ದಾರಿಯೇ ಲೇಸು. ಒಂದು ಜೋಡಿಗೆ ದಿನಕ್ಕೆ ಎರಡೇ ಓಟ, ನಡುವೆ ನೀರು, ನೆರಳು. ಎಲ್ಲರೆದುರು ಚೀಟಿ. ಗುಂಪು ಬದಲಾದಾಗಲೆಲ್ಲ ಹಾದಿ ಸಮಮಾಡುವುದು. ಎರಡನೆಯ ಸ್ಥಾನ ಪಡೆದವರಲ್ಲಿ ಕಡಿಮೆ ಸಮಯದವರಿಗೆ ನಾಲ್ಕನೆಯ ಸ್ಥಾನ.

ಇಷ್ಟಾದರೂ ಅದೃಷ್ಟದ ಪಾಲು ಪೂರಾ ಅಳಿಯದು. ಆದರೆ ಚೀಟಿ ಎತ್ತುವ ಮೊದಲೇ ನಿಯಮ ಓದಿ ಹೇಳಿದ್ದರೆ, ಸೋತ ಮೇಲೆ ಯಾರೂ ಪಂಚರತ್ತ ಬೆರಳು ತೋರಿಸಬೇಕಾಗದು. ಶಾಲೆಯ ಕ್ರೀಡಾಕೂಟಕ್ಕೂ ಇದೇ ಮಾತು ಸಲ್ಲುತ್ತದೆ.