ಹಳೆಯ ವಾಲ್ವ್ ಟೇಪ್ ರೆಕಾರ್ಡರ್‌ಗಳು: ದುರಸ್ತಿ, ಮರುಬಳಕೆ ಮತ್ತು ಧ್ವನಿಯ ರಕ್ಷಣೆ

ಹುಬ್ಬಳ್ಳಿ-ಧಾರವಾಡ ಎಂದೊಡನೆ ನಮ್ಮ ಕರಾವಳಿಯ ಜನರಿಗೆ ಮೊದಲು ನೆನಪಾಗುವುದು ಪೇಡಾ, ನಂತರ ಸಂಗೀತ. ಉದ್ಯೋಗ ನಿಮಿತ್ತ ಆ ಅವಳಿ ನಗರಕ್ಕೆ ಹೋಗಿ ನೆಲೆಸಿದ ಕರಾವಳಿಯ ಕುಟುಂಬಗಳಿಗೆ ಈ ಸಂಗೀತದ ಪರಿಚಯ ಹೆಚ್ಚಾಗಿ ಆದದ್ದು ರೇಡಿಯೋ ಮೂಲಕ. 1950ರ ಜನವರಿ 8ರಂದು ಧಾರವಾಡದಲ್ಲಿ ಆಕಾಶವಾಣಿ ನಿಲಯ ಪ್ರಾರಂಭವಾಯಿತು. ಪಂಡಿತ ಮಲ್ಲಿಕಾರ್ಜುನ ಮನ್ಸೂರರು ಆ ನಿಲಯದ ಸಂಗೀತ ಸಲಹೆಗಾರರಾಗಿದ್ದರು. ವರಕವಿ ದ.ರಾ. ಬೇಂದ್ರೆಯವರೂ ಅಲ್ಲಿ ಸಲಹೆಗಾರರಾಗಿ ಸೇವೆ ಸಲ್ಲಿಸಿದರು. ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು ಮುಂತಾದವರ ಕಂಠ ಮನೆಮನೆಗೆ ತಲುಪಿತು.

ಆ ಕಾಲದ ರೇಡಿಯೋ ಮುದ್ರಣಗಳಲ್ಲಿ ಏನಾದರೂ ಉಳಿದಿದ್ದರೆ ಅದಕ್ಕೆ ಮುಖ್ಯ ಕಾರಣ ಕಾಲು ಅಂಗುಲ ಅಗಲದ ಕಂದು ಬಣ್ಣದ ಟೇಪು. ಅದನ್ನು ಸುತ್ತಿಟ್ಟ ಚಕ್ರಕ್ಕೆ ನಮ್ಮಲ್ಲಿ ಸ್ಪೂಲ್ ಎಂದೇ ಹೆಸರು. ಇಂತಹ ಸ್ಪೂಲುಗಳು ಮತ್ತು ಅವನ್ನು ನುಡಿಸುವ ಯಂತ್ರಗಳು ಇಂದಿಗೂ ಹಳೆಯ ಮನೆಗಳ ಅಟ್ಟದಲ್ಲಿ, ಶಾಲೆಗಳ ಉಗ್ರಾಣದಲ್ಲಿ, ಧರ್ಮಕೇಂದ್ರಗಳ ಕಪಾಟಿನಲ್ಲಿ ಧೂಳು ತಿನ್ನುತ್ತಿರುತ್ತವೆ. ಅವುಗಳನ್ನು ಗುಜರಿಗೆ ಹಾಕುವ ಮೊದಲು ನಾವು ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ಈ ಲೇಖನದಲ್ಲಿ ವಿವರಿಸುತ್ತೇವೆ.

ಯಂತ್ರ ಕೆಲಸ ಮಾಡುವ ಬಗೆ

ಟೇಪ್ ಎಂದರೆ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಅಂಟಿಸಿದ ಕಬ್ಬಿಣದ ಆಕ್ಸೈಡಿನ ಪುಡಿ. 1928ರಲ್ಲಿ ಜರ್ಮನಿಯ ಫ್ರಿಟ್ಜ್ ಫ್ಲಾಯ್ಮರ್ ಕಾಗದದ ಪಟ್ಟಿಯ ಮೇಲೆ ಇಂತಹ ಪುಡಿಯನ್ನು ಅಂಟಿಸಿ ಟೇಪನ್ನು ರೂಪಿಸಿದರು. 1935ರಲ್ಲಿ ಬರ್ಲಿನ್ ರೇಡಿಯೋ ಪ್ರದರ್ಶನದಲ್ಲಿ ಎಇಜಿ ಕಂಪೆನಿಯು ಮ್ಯಾಗ್ನೆಟೋಫೋನ್ ಯಂತ್ರವನ್ನು ಜನರ ಮುಂದಿಟ್ಟಿತು. ಮಾತು ಅಥವಾ ಹಾಡು ಮೈಕಿನಲ್ಲಿ ವಿದ್ಯುತ್ ಅಲೆಯಾಗುತ್ತದೆ, ಹೆಡ್ ಎಂಬ ಭಾಗದಲ್ಲಿ ಅದು ಕಾಂತಶಕ್ತಿಯಾಗಿ ಟೇಪಿನ ಮೇಲೆ ಗುರುತು ಬಿಡುತ್ತದೆ. ಅದೇ ಟೇಪನ್ನು ಮತ್ತೆ ಹೆಡ್ಡಿನ ಮುಂದೆ ಓಡಿಸಿದಾಗ ಆ ಗುರುತೇ ಧ್ವನಿಯಾಗಿ ಮರಳುತ್ತದೆ.

ಹೆಡ್ಡಿನಿಂದ ಬರುವ ವಿದ್ಯುತ್ತು ಅತ್ಯಂತ ಕ್ಷೀಣವಾದುದು. ಅದನ್ನು ಹಿಗ್ಗಿಸಲು ಟ್ರಾನ್ಸಿಸ್ಟರ್ ಬರುವ ಮೊದಲು ಗಾಜಿನ ವಾಲ್ವ್‌ಗಳನ್ನು ಬಳಸುತ್ತಿದ್ದರು. ಗ್ರುಂಡಿಗ್, ಫಿಲಿಪ್ಸ್, ಟೆಲಿಫುಂಕನ್ ಮುಂತಾದ ಕಂಪೆನಿಗಳ 1950 ಮತ್ತು 60ರ ದಶಕಗಳ ಯಂತ್ರಗಳಲ್ಲಿ ಇಎಫ್ 86, ಇಸಿಸಿ 83, ಇಎಲ್ 84 ಎಂಬ ವಾಲ್ವ್‌ಗಳು ಸಾಮಾನ್ಯ. ಧ್ವನಿ ಏರಿಳಿದಂತೆ ಹಸಿರಾಗಿ ಅರಳಿ ಮುಚ್ಚುವ ಮ್ಯಾಜಿಕ್ ಐ ಎಂಬ ವಾಲ್ವನ್ನು ಹಿರಿಯ ಓದುಗರು ಮರೆತಿರಲಾರರು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯೂ 1960ರ ದಶಕದಲ್ಲಿ ರೇಡಿಯೋ ವಾಲ್ವ್‌ಗಳನ್ನು ತಯಾರಿಸುತ್ತಿತ್ತು.

ಏಳು ಅಂಗುಲದ ಸ್ಪೂಲಿನಲ್ಲಿ 1200 ಅಡಿ ಟೇಪ್ ಹಿಡಿಯುತ್ತದೆ. ಸೆಕೆಂಡಿಗೆ 19 ಸೆಂಟಿಮೀಟರ್ ವೇಗದಲ್ಲಿ ಅದು ಒಂದು ಬದಿಗೆ ಸುಮಾರು 32 ನಿಮಿಷ, 9.5 ಸೆಂಟಿಮೀಟರ್ ವೇಗದಲ್ಲಿ 64 ನಿಮಿಷ ಬರುತ್ತದೆ. ವೇಗ ಹೆಚ್ಚಿದಷ್ಟೂ ಧ್ವನಿ ಸ್ಪಷ್ಟ. ಫಿಲಿಪ್ಸ್ ಕಂಪೆನಿ 1963ರಲ್ಲಿ ಪರಿಚಯಿಸಿದ ಕ್ಯಾಸೆಟ್ಟು ಕ್ರಮೇಣ ಮನೆಗಳನ್ನು ಹೊಕ್ಕಿತು; ಭಾರವಾದ ಸ್ಪೂಲ್ ಯಂತ್ರಗಳು ಮೂಲೆ ಸೇರಿದವು.

ಪ್ಲಗ್ ಹಾಕುವ ಮೊದಲು ಒಂದು ಮಾತು

ಅಟ್ಟದಿಂದ ಇಳಿಸಿದ ಯಂತ್ರವನ್ನು ನೇರವಾಗಿ ಪ್ಲಗ್ಗಿಗೆ ಹಾಕಬಾರದು. ಇದನ್ನು ನಾವು ಒತ್ತಿ ಹೇಳಲು ಕಾರಣವಿದೆ. ಹಲವು ವರ್ಷ ವಿದ್ಯುತ್ ಕಾಣದೆ ಬಿದ್ದಿರುವ ಯಂತ್ರದಲ್ಲಿ ಎಲೆಕ್ಟ್ರೊಲಿಟಿಕ್ ಕಂಡೆನ್ಸರ್‌ಗಳು ಒಣಗಿ ಹೋಗಿರುತ್ತವೆ. ಕಾಗದ ಸುತ್ತಿದ ಹಳೆಯ ಕಂಡೆನ್ಸರ್‌ಗಳು ತೇವ ಹೀರಿಕೊಂಡು ಸೋರತೊಡಗಿರುತ್ತವೆ. ಇಎಲ್ 84ರ ಗ್ರಿಡ್ಡಿಗೆ ಧ್ವನಿ ದಾಟಿಸುವ ಕಂಡೆನ್ಸರ್ ಸೋರಿದರೆ ಆ ವಾಲ್ವಿನಲ್ಲಿ ಮಿತಿಮೀರಿದ ವಿದ್ಯುತ್ ಹರಿಯುತ್ತದೆ. ಮೊದಲು ವಾಲ್ವ್ ಕೆಂಪಗಾಗುತ್ತದೆ, ನಂತರ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡುತ್ತದೆ. ಕೆಲವು ರೂಪಾಯಿಯ ಕಂಡೆನ್ಸರಿನಿಂದಾಗಿ ಈಗ ಸುಲಭವಾಗಿ ಸಿಗದ ಟ್ರಾನ್ಸ್‌ಫಾರ್ಮರ್ ಹಾಳಾಗುತ್ತದೆ.

ಆದ್ದರಿಂದ ಅನುಭವಿ ಮೆಕ್ಯಾನಿಕ್‌ಗಳು ಅನುಸರಿಸುವ ಕ್ರಮ ಹೀಗಿದೆ. ಯಂತ್ರದ ಹಿಂದೆ ಅಥವಾ ಅಡಿಯಲ್ಲಿರುವ ವೋಲ್ಟೇಜ್ ಸ್ವಿಚ್ಚು 110ರಲ್ಲಿದೆಯೋ 220 ಅಥವಾ 240ರಲ್ಲಿದೆಯೋ ಎಂದು ಮೊದಲು ನೋಡುತ್ತಾರೆ. ಪವರ್ ಸಪ್ಲೈಯ ಎಲೆಕ್ಟ್ರೊಲಿಟಿಕ್‌ಗಳನ್ನೂ ಕಾಗದದ ಕಂಡೆನ್ಸರ್‌ಗಳನ್ನೂ ಬದಲಾಯಿಸುತ್ತಾರೆ. ಸೆಲೆನಿಯಂ ರೆಕ್ಟಿಫೈಯರ್ ಇದ್ದರೆ ಅದನ್ನೂ ತೆಗೆಯುವುದು ಒಳ್ಳೆಯದು, ಏಕೆಂದರೆ ಅದು ಸುಟ್ಟರೆ ಹೊರಡುವ ಹೊಗೆ ವಿಷಕಾರಿ. ಅದರ ಜಾಗಕ್ಕೆ ಸಿಲಿಕಾನ್ ಡಯೋಡ್ ಹಾಕುವಾಗ ವೋಲ್ಟೇಜ್ ಏರುವುದರಿಂದ ತಕ್ಕ ರೆಸಿಸ್ಟರನ್ನೂ ಜೋಡಿಸಬೇಕು.

ಬಳಿಕ ಸೀರೀಸ್ ಬಲ್ಬಿನ ಪರೀಕ್ಷೆ. 60 ಅಥವಾ 100 ವ್ಯಾಟಿನ ಹಳೆಯ ತಂತಿ ಬಲ್ಬನ್ನು ಯಂತ್ರದ ದಾರಿಯಲ್ಲೇ ಜೋಡಿಸಿ ವಿದ್ಯುತ್ ಕೊಡುತ್ತಾರೆ. ಎಲ್‌ಇಡಿ ಬಲ್ಬು ಇದಕ್ಕೆ ಆಗದು. ಒಳಗೆ ಎಲ್ಲೋ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿದು ನಿಲ್ಲುತ್ತದೆ, ಆದರೆ ಯಂತ್ರ ಸುಡುವುದಿಲ್ಲ. ಬಲ್ಬು ಒಮ್ಮೆ ಬೆಳಗಿ ಮಂಕಾದರೆ ಮುಂದುವರಿಯಬಹುದು.

ಇಂತಹ ಯಂತ್ರದ ಒಳಗೆ 250ರಿಂದ 300 ವೋಲ್ಟಿನಷ್ಟು ಡಿಸಿ ವಿದ್ಯುತ್ ಇರುತ್ತದೆ. ಪ್ಲಗ್ ತೆಗೆದ ಮೇಲೂ ಅದು ಕಂಡೆನ್ಸರ್‌ಗಳಲ್ಲಿ ಉಳಿದಿರಬಹುದು. ಆದ್ದರಿಂದ ವಾಲ್ವ್ ಕೆಲಸ ಬಲ್ಲವರ ಹೊರತು ಬೇರೆ ಯಾರೂ, ವಿಶೇಷವಾಗಿ ಉತ್ಸಾಹಿ ಯುವಕರು, ಒಬ್ಬರೇ ಕುಳಿತು ಮುಚ್ಚಳ ತೆಗೆಯಬಾರದೆಂದು ವಿನಂತಿಸುತ್ತೇವೆ.

ರಬ್ಬರು, ಎಣ್ಣೆ ಮತ್ತು ಹೆಡ್ಡು

ವಾಲ್ವ್‌ಗಳು ನಾವೆಣಿಸಿದಷ್ಟು ಬೇಗ ಹಾಳಾಗುವುದಿಲ್ಲ. ಇಸಿಸಿ 83 ಮತ್ತು ಇಎಲ್ 84 ವಾಲ್ವ್‌ಗಳು ಗಿಟಾರ್ ಆಂಪ್ಲಿಫೈಯರ್‌ಗಳಿಗಾಗಿ ಇಂದಿಗೂ ವಿದೇಶಗಳಲ್ಲಿ ತಯಾರಾಗುತ್ತಿವೆ. ಮೊದಲು ಕೈಕೊಡುವುದು ರಬ್ಬರು. ಬೆಲ್ಟುಗಳು ಡಾಮರಿನಂತೆ ಕರಗಿ ಗಾಲಿಗೆ ಅಂಟಿಕೊಂಡಿರುತ್ತವೆ. ಟೇಪನ್ನು ಒತ್ತಿ ಎಳೆಯುವ ಪಿಂಚ್ ರೋಲರ್ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ. ಹಳೆಯ ಎಣ್ಣೆ ಮೇಣದಂತೆ ಹೆಪ್ಪುಗಟ್ಟಿ ಮೋಟಾರು ತಿರುಗದಂತೆ ಹಿಡಿದಿರುತ್ತದೆ. ಬೆಲ್ಟ್ ಬದಲಿಸಿ, ರೋಲರಿಗೆ ಹೊಸ ರಬ್ಬರು ಕೂಡಿಸಿ, ಬೇರಿಂಗ್ ತೊಳೆದು ತೆಳು ಎಣ್ಣೆಯ ಒಂದೆರಡು ಹನಿ ಹಾಕಿದರೆ ಅರ್ಧ ದುರಸ್ತಿ ಮುಗಿದಂತೆಯೇ. ಎಣ್ಣೆ ರಬ್ಬರಿಗೆ ತಾಗಬಾರದು. ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಹತ್ತಿಯಿಂದ ಒರೆಸಬೇಕು. ಹೆಡ್ಡಿಗೆ ಕಾಂತಶಕ್ತಿ ಅಂಟಿಕೊಂಡಿದ್ದರೆ ಡಿಮ್ಯಾಗ್ನೆಟೈಜರಿನಿಂದ ತೆಗೆಯಬೇಕು. ಇಲ್ಲವಾದರೆ ನುಡಿಸಿದಷ್ಟೂ ಟೇಪಿನ ತಾರಸ್ವರ ಸವೆಯುತ್ತದೆ.

ವೇಗದ ವಿಷಯದಲ್ಲಿ ಒಂದು ಬಲೆಯಿದೆ. ನಮ್ಮ ದೇಶದ ವಿದ್ಯುತ್ತು 50 ಹರ್ಟ್ಸ್, ಅಮೆರಿಕದ್ದು 60. ಅಮೆರಿಕದಿಂದ ತಂದ ಯಂತ್ರದ ವೋಲ್ಟೇಜನ್ನು ಟ್ರಾನ್ಸ್‌ಫಾರ್ಮರ್ ಇಟ್ಟು ಸರಿಪಡಿಸಿದರೂ ಅದರ ಮೋಟಾರು ಇಲ್ಲಿ ಆರರಲ್ಲಿ ಐದು ಪಾಲು ವೇಗದಲ್ಲಷ್ಟೇ ತಿರುಗುತ್ತದೆ. ಸರಿಯಾದ ವೇಗದಲ್ಲಿ ಮುದ್ರಿಸಿದ ಹಾಡನ್ನು ಅದರಲ್ಲಿ ಕೇಳಿದರೆ ಶ್ರುತಿ ಸುಮಾರು ಮೂರು ಸ್ವರಸ್ಥಾನ ಕೆಳಗಿಳಿಯುತ್ತದೆ. ಗಂಗೂಬಾಯಿ ಹಾನಗಲ್ಲರ ಕಂಠವು ಗಂಟಲಿನ ಚಿಕಿತ್ಸೆಯ ನಂತರ ಗಂಡುದನಿಯಂತೆ ಗಂಭೀರವಾಯಿತೆಂಬುದು ಎಲ್ಲರಿಗೂ ತಿಳಿದ ವಿಷಯ. ಇದನ್ನರಿಯದ ಒಬ್ಬ ತಂತ್ರಜ್ಞ, ಟೇಪ್ ನಿಧಾನವಾಗಿ ಓಡುತ್ತಿದೆಯೆಂದು ಭಾವಿಸಿ ವೇಗ ಏರಿಸಿದರೆ ಆ ಕಂಠವೇ ಬದಲಾಗಿಬಿಡುತ್ತದೆ. ಇದಕ್ಕೆ ಒಂದು ಉಪಾಯ ಉಂಟು. ಹಳೆಯ ಮುದ್ರಣಗಳಲ್ಲಿ ಹಲವು ಬಾರಿ ವಿದ್ಯುತ್ತಿನ ಗುಂಯ್‌ಗುಡುವ ಸದ್ದೂ ಸೇರಿರುತ್ತದೆ. ನಮ್ಮ ದೇಶದಲ್ಲಿ ಮುದ್ರಿಸಿದ ಟೇಪಾದರೆ ಆ ಸದ್ದು 50 ಅಥವಾ 100 ಹರ್ಟ್ಸ್‌ನಲ್ಲಿ ಕಂಡುಬರಬೇಕು. ಕಂಪ್ಯೂಟರಿನಲ್ಲಿ ಅಳೆದು ನೋಡಿದರೆ ವೇಗ ಸರಿಯಿದೆಯೇ ಎಂದು ತಿಳಿಯಬಹುದು.

ಟೇಪನ್ನು ಗುರುತಿಸುವುದು ಹೇಗೆ?

ಸ್ಪೂಲನ್ನು ಬೆಳಕಿಗೆ ಅಡ್ಡ ಹಿಡಿಯಿರಿ. ಸುತ್ತಿದ ಟೇಪಿನ ಮೂಲಕ ಬೆಳಕು ಹಾಯ್ದರೆ ಅದು ಅಸಿಟೇಟ್, ಹಾಯದಿದ್ದರೆ ಹೆಚ್ಚಾಗಿ ಪಾಲಿಯೆಸ್ಟರ್. ಅಸಿಟೇಟ್ ಒಣಗಿ ಪಟ್ಟನೆ ತುಂಡಾಗುತ್ತದೆ, ಆದರೆ ತುಂಡು ನೇರವಾಗಿರುವುದರಿಂದ ಸ್ಪ್ಲೈಸಿಂಗ್ ಟೇಪಿನಿಂದ ಜೋಡಿಸಬಹುದು. ಮನೆಯಲ್ಲಿ ಸಿಗುವ ಸೆಲೋಟೇಪನ್ನು ಬಳಸಬಾರದು, ಅದರ ಅಂಟು ಹರಿದು ಪಕ್ಕದ ಸುತ್ತುಗಳಿಗೆ ಹಿಡಿಯುತ್ತದೆ. ಪಾಲಿಯೆಸ್ಟರ್ ತುಂಡಾಗುವ ಬದಲು ಹಿಗ್ಗುತ್ತದೆ, ಹಿಗ್ಗಿದ ಭಾಗದ ಧ್ವನಿ ಮರಳದು. ಡಬ್ಬಿ ತೆರೆದಾಗ ವಿನೆಗರಿನ ವಾಸನೆ ಬಂದರೆ ಅಸಿಟೇಟ್ ಕೊಳೆಯತೊಡಗಿದೆ ಎಂದರ್ಥ. ಅಂತಹ ಸ್ಪೂಲನ್ನು ಉಳಿದವುಗಳಿಂದ ಬೇರೆಯಿಟ್ಟು ಅದರ ಧ್ವನಿಯನ್ನು ಎಲ್ಲಕ್ಕಿಂತ ಮೊದಲು ನಕಲು ಮಾಡಬೇಕು.

ಧಾರವಾಡದ ಹವೆ ಟೇಪುಗಳಿಗೆ ಅಷ್ಟು ಕೆಟ್ಟದ್ದಲ್ಲ. ನಮ್ಮ ಕರಾವಳಿಯ ನಾಲ್ಕು ತಿಂಗಳ ಮಳೆ ಹಾಗಲ್ಲ, ಅದು ಬೂಷ್ಟನ್ನು ಕರೆತರುತ್ತದೆ. ಬಿಳಿ ಹುಡಿ ಕಂಡ ಟೇಪನ್ನು ಊದಬಾರದು, ಯಂತ್ರಕ್ಕೂ ಹಾಕಬಾರದು. ಮೂಗಿಗೆ ಮಾಸ್ಕ್ ಧರಿಸಿ, ತೇವವಿಲ್ಲದ ಜಾಗದಲ್ಲಿ ಒಣಗಲು ಬಿಟ್ಟು, ಮೃದು ಬ್ರಷ್ಷಿನಿಂದ ತೆಗೆಯಬೇಕು. ಬಿಸಿಲಿಗೆ ಒಡ್ಡುವುದು ಸಲ್ಲದು. 1970-80ರ ದಶಕಗಳ ಕೆಲವು ಟೇಪುಗಳು ಜಿಗುಟಾಗಿ ಹೆಡ್ಡಿಗೆ ಅಂಟುತ್ತವೆ. ಇವನ್ನು ನಿಯಂತ್ರಿತ ಉಷ್ಣದಲ್ಲಿ ಗಂಟೆಗಟ್ಟಲೆ ಒಣಗಿಸುವ ವಿಧಾನ ತಜ್ಞರಿಗೆ ತಿಳಿದಿದೆ. ಅದನ್ನು ಅಡುಗೆಮನೆಯ ಓವನ್ನಿನಲ್ಲಿ ಮಾಡಬಾರದು, ಅಸಿಟೇಟಿಗಂತೂ ಮಾಡಲೇಬಾರದು.

ದುರಸ್ತಿಯಾದ ಯಂತ್ರದಲ್ಲಿ ಅಮೂಲ್ಯ ಟೇಪ್ ನುಡಿಸಬಹುದೇ?

ನಮ್ಮ ಉತ್ತರ: ಬೇಡ. ಹಳೆಯ ಗೃಹಬಳಕೆಯ ವಾಲ್ವ್ ಯಂತ್ರದ ಎಳೆತ ಒರಟು, ಬ್ರೇಕು ಸ್ವಲ್ಪ ತಪ್ಪಿದರೂ ಟೇಪ್ ಹರಿಯುತ್ತದೆ. ಇನ್ನೊಂದು ಅಪಾಯವೂ ಇದೆ. ಕ್ಯಾಸೆಟ್ಟಿನಲ್ಲಿ ಮುರಿದು ತೆಗೆಯುವ ಸಣ್ಣ ರಕ್ಷಣಾ ಪಟ್ಟಿ ಇತ್ತು, ಸ್ಪೂಲಿಗೆ ಅಂತಹ ರಕ್ಷಣೆ ಇಲ್ಲ. ರೆಕಾರ್ಡ್ ಬಟನ್ ಒತ್ತಿದರೆ 60 ವರ್ಷದ ಹಿಂದಿನ ಧ್ವನಿ ಕ್ಷಣದಲ್ಲಿ ಅಳಿದುಹೋಗುತ್ತದೆ. ನುಡಿಸಲು ಮಾತ್ರ ಬಳಸುವ ಯಂತ್ರದಲ್ಲಿ ಅಳಿಸುವ ಹೆಡ್ಡಿನ ಸಂಪರ್ಕವನ್ನೂ ರೆಕಾರ್ಡ್ ಸ್ವಿಚ್ಚನ್ನೂ ಬಿಡಿಸಿಡುವುದು ಜಾಣತನ.

ನಕಲು ಮಾಡಲು 1970ರ ದಶಕದ ನಂತರದ, ಸುಸ್ಥಿತಿಯಲ್ಲಿರುವ ಟ್ರಾನ್ಸಿಸ್ಟರ್ ಯಂತ್ರ ಉತ್ತಮ. ಸ್ವಿಟ್ಜರ್‌ಲ್ಯಾಂಡಿನ ರೆವಾಕ್ಸ್ ಎ77 ಮತ್ತು ಬಿ77 ಇದಕ್ಕೆ ಹೆಸರಾಗಿವೆ. ನುಡಿಸುವಾಗ ಮಾತು ಹಿಂದುಮುಂದಾಗಿ ಕೇಳಿದರೆ ಟೇಪಿನ ಇನ್ನೊಂದು ಬದಿಯ ಪಥವನ್ನೂ ಹೆಡ್ಡು ಓದುತ್ತಿದೆ ಎಂದು ತಿಳಿಯಬೇಕು. ಧ್ವನಿ ಸಂಗ್ರಹಾಲಯಗಳು 24 ಬಿಟ್, 96 ಕಿಲೋಹರ್ಟ್ಸ್ ವೇವ್ ಕಡತವನ್ನು ಮೂಲಪ್ರತಿಯಾಗಿ ಇಡುತ್ತವೆ. ಮೊನೊ ಧ್ವನಿಯ ಒಂದು ಗಂಟೆಗೆ ಇದು ಸುಮಾರು ಒಂದು ಗಿಗಾಬೈಟ್. ಕೇಳಲು ಎಂಪಿ3 ಸಾಕು, ಆದರೆ ಎಂಪಿ3 ಮಾಡಿ ಮೂಲವನ್ನು ಎಸೆಯಬಾರದು. ಕಡತಗಳ ಮೂರು ಪ್ರತಿಗಳಿರಲಿ, ಒಂದು ಬೇರೆ ಊರಿನಲ್ಲಿರಲಿ.

ಯಂತ್ರಗಳೂ ಅವನ್ನು ಬಲ್ಲವರೂ ಕಡಿಮೆಯಾಗುತ್ತಿರುವುದನ್ನು ಕಂಡು ಯುನೆಸ್ಕೊ ಮತ್ತು ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘವು 2019ರಲ್ಲಿ ಒಂದು ಎಚ್ಚರಿಕೆ ನೀಡಿದ್ದವು. 2025ರ ಸುಮಾರಿಗೆ ಟೇಪುಗಳನ್ನು ನುಡಿಸುವ ಅವಕಾಶವೇ ಮುಗಿಯುತ್ತಾ ಬರಬಹುದು ಎಂಬುದು ಅದರ ಸಾರ. ಆ ವರ್ಷವೂ ಬಂದಿತು.

ವಾಲ್ವ್ ಯಂತ್ರದ ಹೊಸ ಬಾಳು

ಹಾಗಾದರೆ ವಾಲ್ವ್ ಯಂತ್ರ ಏತಕ್ಕೆ? ಕೆಲಸಗಳು ಹಲವಿವೆ. ಪೂರ್ಣವಾಗಿ ದುರಸ್ತಿಯಾದುದನ್ನು ಶಾಲೆ ಅಥವಾ ವಸ್ತುಸಂಗ್ರಹಾಲಯದಲ್ಲಿಟ್ಟು, ನಕಲು ಮಾಡಿದ ಟೇಪ್ ಹಾಕಿ ಮಕ್ಕಳಿಗೆ ತೋರಿಸಬಹುದು. ಹುಬ್ಬಳ್ಳಿಯಲ್ಲಿ ಗಂಗೂಬಾಯಿಯವರ ಮನೆ ಗಂಗಾ ಲಹರಿ, ಧಾರವಾಡದಲ್ಲಿ ಮನ್ಸೂರರ ಮನೆ ಸ್ಮಾರಕವಾಗಿರುವ ಆ ನಾಡಿನಲ್ಲಿ ಇಂತಹ ಯಂತ್ರಕ್ಕೆ ಸಹಜವಾದ ಸ್ಥಾನವಿದೆ. ಟೇಪ್ ಓಡಿಸುವ ಭಾಗ ಸರಿಯಾಗದಷ್ಟು ಕೆಟ್ಟಿದ್ದರೂ ಅದರ ಆಂಪ್ಲಿಫೈಯರನ್ನು ಗಿಟಾರಿಗೆ ಅಥವಾ ಮೈಕಿಗೆ ಬಳಸಬಹುದು. ಡಿಪ್ಲೊಮಾ ವಿದ್ಯಾರ್ಥಿಗಳಿಗೆ ವಾಲ್ವ್ ಪಾಠಕ್ಕೂ ಆಗುತ್ತದೆ. ಆದರೆ ಪೂರ್ಣವಾಗಿರುವ ಯಂತ್ರವನ್ನು ಬಿಡಿಭಾಗಕ್ಕಾಗಿ ಬಿಚ್ಚಬೇಡಿ. ಹಾಗೆ ಬಿಚ್ಚಲು ಮೊದಲೇ ಕೆಟ್ಟವು ಬೇಕಾದಷ್ಟಿವೆ.

ನಾವು ಮಾಡಬಹುದಾದುದು

ನಮ್ಮ ಧರ್ಮಕೇಂದ್ರಗಳಲ್ಲಿ ಹಳೆಯ ಗಾಯನ ಮಂಡಳಿಯ ಹಾಡು, ಅಗಲಿದ ಹಿರಿಯರ ಮಾತು, ಊರಿನ ನಾಟಕದ ಧ್ವನಿ ಇರುವ ಸ್ಪೂಲುಗಳು ಇರಬಹುದು. ಕಚೇರಿ ಶುಚಿ ಮಾಡುವ ದಿನ ಅವು ಕಸದೊಂದಿಗೆ ಹೋಗದಂತೆ ನೋಡಿಕೊಳ್ಳುವುದು ಮೊದಲ ಕೆಲಸ. ಡಬ್ಬಿಯ ಮೇಲಿನ ಬರಹವನ್ನು ಹಾಗೆಯೇ ಒಂದು ಪುಸ್ತಕದಲ್ಲಿ ಬರೆದುಕೊಳ್ಳಿ. ಒಳಗಿನ ಚೀಟಿಯನ್ನು ಎಸೆಯಬೇಡಿ. ಡಬ್ಬಿಗಳನ್ನು ಪುಸ್ತಕದಂತೆ ನೇರವಾಗಿ ನಿಲ್ಲಿಸಿ, ಸ್ಪೀಕರುಗಳಿಂದ ದೂರ, ನೆಲದಿಂದ ಎತ್ತರದಲ್ಲಿಡಿ. ಆ ಹಾಡು ಯಾರದು, ಮಾತು ಯಾರದು ಎಂದು ಹೇಳಬಲ್ಲ ಹಿರಿಯರನ್ನು ಈಗಲೇ ಕೇಳಿ. ಯಂತ್ರ ನಾಳೆ ಸಿಕ್ಕೀತು, ಅವರು ಸಿಗಲಾರರು.

ಪ್ರಸಾರ ಮಾಡುವ ಮೊದಲು ಅನುಮತಿಯನ್ನೂ ಮರೆಯಬಾರದು. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಪ್ರಕಟವಾದ ಧ್ವನಿಮುದ್ರಣಕ್ಕೆ 60 ವರ್ಷಗಳ ಹಕ್ಕಿದೆ, ಕಲಾವಿದರಿಗೂ ಪ್ರತ್ಯೇಕ ಹಕ್ಕಿದೆ. ರಕ್ಷಣೆಗಾಗಿ ನಕಲು ಮಾಡುವುದು ಬೇರೆ, ಎಲ್ಲರ ಮೊಬೈಲಿಗೆ ಕಳಿಸುವುದು ಬೇರೆ. ಹಾಡಿದವರ ಮನೆಯವರನ್ನು ಕೇಳಿ ಅವರಿಗೂ ಒಂದು ಪ್ರತಿ ಕೊಟ್ಟರೆ, ತಾಯಿತಂದೆಯ ಧ್ವನಿಯನ್ನು ಮತ್ತೆ ಕೇಳುವ ಭಾಗ್ಯ ಅವರದಾಗುತ್ತದೆ.

ಪ್ರತಿ ವರ್ಷ ಅಕ್ಟೋಬರ್ 27ನ್ನು ವಿಶ್ವ ಶ್ರವ್ಯ-ದೃಶ್ಯ ಪರಂಪರೆಯ ದಿನವೆಂದು ಆಚರಿಸಲಾಗುತ್ತದೆ. ಆ ಹೊತ್ತಿಗೆ ನಮ್ಮಲ್ಲಿ ಪ್ರಾಯಶಃ ಮಳೆಯೂ ಹಿಂದೆ ಸರಿದಿರುತ್ತದೆ. ಕಪಾಟು ತೆರೆದು, ಡಬ್ಬಿಗಳನ್ನು ಎಣಿಸಿ, ಪಟ್ಟಿ ಬರೆಯಲು ಅದಕ್ಕಿಂತ ಒಳ್ಳೆಯ ದಿನವಿಲ್ಲ.