ಬೀಜದಿಂದ ಕಲ್ಲುಗಿಡ

ಅಡಿಕೆ ಸಸಿ ನೆಟ್ಟವರು ಮೊದಲ ಗೊನೆ ಕಾಣಲು ಐದಾರು ವರ್ಷ ಕಾಯಬೇಕು. ಹಾಗಾಗಿ ಕಾಯುವುದು ನಮ್ಮ ಬೆಳೆಗಾರ ಬಂಧುಗಳಿಗೆ ಹೊಸತಲ್ಲ. ಆದರೂ ಹೆಬ್ಬೆರಳ ತುದಿಯಷ್ಟಿರುವ ಗಿಡವೊಂದರ ಹೂವಿಗೆ ಮೂರು ನಾಲ್ಕು ವರ್ಷ ಕಾಯಬೇಕೆಂದರೆ ಅನೇಕರು ನಕ್ಕುಬಿಡುತ್ತಾರೆ. ಅಂಥದೊಂದು ಗಿಡ ಲಿಥಾಪ್ಸ್. ಕಲ್ಲಿನಂತೆ ಕಾಣುವುದರಿಂದ ಕಲ್ಲುಗಿಡ ಎನ್ನೋಣ.

ದಕ್ಷಿಣ ಆಫ್ರಿಕ, ನಮೀಬಿಯಗಳ ಒಣ ಬಯಲುಗಳು ಇದರ ತವರು. ನೀರು ತುಂಬಿದ ಎರಡು ದಪ್ಪ ಎಲೆ, ನಡುವೆ ಒಂದು ಸೀಳು, ಇಷ್ಟೇ ಗಿಡ. ಬಣ್ಣ ಸುತ್ತಲಿನ ಜಲ್ಲಿಯದೇ. 1811ರಲ್ಲಿ ವಿಲಿಯಂ ಬರ್ಚೆಲ್ ಎಂಬ ಆಂಗ್ಲ ಸಸ್ಯಶಾಸ್ತ್ರಜ್ಞರು ಪ್ರೀಸ್ಕ ಎಂಬಲ್ಲಿ ವಿಚಿತ್ರ ಆಕಾರದ ಕಲ್ಲೆಂದು ಕೈಗೆತ್ತಿಕೊಂಡದ್ದು ಈ ಗಿಡವನ್ನೇ. 1922ರಲ್ಲಿ ಎನ್. ಇ. ಬ್ರೌನ್ ಅವರು ಕಲ್ಲು, ಮುಖ ಎಂಬ ಅರ್ಥದ ಗ್ರೀಕ್ ಪದಗಳನ್ನು ಕೂಡಿಸಿ ಲಿಥಾಪ್ಸ್ ಎಂದು ಹೆಸರಿಟ್ಟರು.

ಬೆಳೆದ ಗಿಡವನ್ನೇ ಕೊಳ್ಳಬಹುದಲ್ಲ, ಬೀಜವೇಕೆ ಎಂದು ಕೇಳಬಹುದು. ಕಾಯಲಾರದವರ ಆತುರದಿಂದಲೇ ಆ ಬಯಲುಗಳು ಬರಿದಾಗುತ್ತಿವೆ. 2019ರಿಂದೀಚೆಗೆ ದಕ್ಷಿಣ ಆಫ್ರಿಕದಲ್ಲಿ ಇದೇ ಕುಟುಂಬದ ಕೊನೊಫೈಟಮ್ ಮೊದಲಾದ ಗಿಡಗಳನ್ನು ಲಕ್ಷಗಟ್ಟಲೆ ಕಿತ್ತು ಹೊರದೇಶಗಳಿಗೆ ಕಳ್ಳತನದಲ್ಲಿ ಸಾಗಿಸಲಾಗಿದೆ. ಅವುಗಳಲ್ಲಿ ಕೆಲವು ಜಾತಿಗಳು ಒಂದೆರಡು ಗುಡ್ಡಗಳಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಅಂಥ ಕಡೆ ಕೆಲವು ಚೀಲ ತುಂಬಿದರೆ ಜಾತಿಯೇ ಮುಗಿದಂತೆ. ಆದ್ದರಿಂದ ಗಿಡ ಕೊಳ್ಳುವಾಗ ಅದು ನರ್ಸರಿಯಲ್ಲಿ ಬೀಜದಿಂದ ಬೆಳೆದದ್ದೇ ಎಂದು ಕೇಳತಕ್ಕದ್ದು. ಬೀಜವನ್ನು ಹೊರದೇಶದಿಂದ ತರಿಸಲು ಸಸ್ಯ ಸಂಗರೋಧದ ನಿಯಮಗಳಿವೆ. ನಮ್ಮ ದೇಶದ ನರ್ಸರಿಗಳಲ್ಲಿ ಕೊಳ್ಳುವುದೇ ಸುಲಭ.

ಮಲೆನಾಡಿನಲ್ಲಿ ಬಿತ್ತಲು ಮಳೆ ಹಿಂದೆಗೆದ ಮೇಲೆ, ಅಕ್ಟೋಬರ್ ಕೊನೆಯಿಂದ ನವೆಂಬರ್ ಒಳ್ಳೆಯ ಕಾಲ. ತೂತುಗಳಿರುವ ಮೂರು ನಾಲ್ಕು ಅಂಗುಲದ ಕುಂಡ ಸಾಕು. ತೊಳೆದ ದಪ್ಪ ಮರಳು ಎರಡು ಪಾಲು, ಜರಡಿ ಹಿಡಿದ ಮಣ್ಣು ಒಂದು ಪಾಲು ಬೆರೆಸಿ, ಕುದಿಯುವ ನೀರು ಹೊಯ್ದು ಆರಿಸಿಕೊಳ್ಳಿ. ಗೊಬ್ಬರ ಬೇಡ. ಮೊದಲ ಸಲ ನಾನು ರೂಢಿಯಂತೆ ಒಂದು ಹಿಡಿ ಕೊಟ್ಟಿಗೆ ಗೊಬ್ಬರ ಹಾಕಿ, ಮೊಳಕೆಗಳೆಲ್ಲ ಬುಡ ಕೊಳೆತು ಒರಗಿದ್ದನ್ನು ಕಂಡಿದ್ದೇನೆ.

ಬೀಜ ನಶ್ಯದಷ್ಟು ಸಣ್ಣದು. ಕಾಫಿ ಸಸಿಮಡಿಯಂತೆ ಮಣ್ಣು ಮುಚ್ಚಿ ಹುಲ್ಲು ಹಾಸಬಾರದು. ಮೇಲೆ ಉದುರಿಸಿದರೆ ಸಾಕು. ಕುಂಡವನ್ನು ನೀರಿನ ತಟ್ಟೆಯಲ್ಲಿಟ್ಟು ತಳದಿಂದ ತೇವ ಏರುವಂತೆ ಮಾಡಿ, ಬಾಯಿಗೆ ಗಾಜಿನ ತುಂಡು ಮುಚ್ಚಿ, ಬೆಳಕುಳ್ಳ ನೆರಳಿನಲ್ಲಿಡಿ. ಒಂದರಿಂದ ಮೂರು ವಾರದೊಳಗೆ ಹಸಿರು ಚುಕ್ಕೆಗಳು ಕಾಣುತ್ತವೆ. ಆಗ ಗಾಜನ್ನು ದಿನದಿನಕ್ಕೆ ಹೆಚ್ಚು ಸರಿಸಿ ಗಾಳಿ ಕೊಡಬೇಕು. ಮೊದಲ ವರ್ಷ ಸಸಿಗಳನ್ನು ತೀರ ಒಣಗಲು ಬಿಡಬಾರದು. ಬೆಳಕು ಸಾಲದಿದ್ದರೆ ಅವು ಉದ್ದುದ್ದ ಎಳೆದುಕೊಳ್ಳುತ್ತವೆ.

ದೊಡ್ಡ ಗಿಡಗಳು ಸಾಯುವುದು ಹೆಚ್ಚಾಗಿ ನಮ್ಮ ಉಪಚಾರದಿಂದಲೇ. ವರ್ಷಕ್ಕೊಮ್ಮೆ ಹಳೆಯ ಎಲೆಜೋಡಿಯ ಒಳಗಿನಿಂದ ಹೊಸ ಜೋಡಿ ಹುಟ್ಟುತ್ತದೆ. ಹೊಸದಕ್ಕೆ ಬೇಕಾದ ನೀರು ಹಳೆಯದರಲ್ಲಿಯೇ ಇರುತ್ತದೆ. ಎಲೆ ಸುಕ್ಕುಗಟ್ಟಿತೆಂದು ಕನಿಕರದಿಂದ ಆಗ ನೀರು ಹಾಕಿದರೆ ಹಳೆಯದು ಒಣಗುವುದಿಲ್ಲ, ಹೊಸದು ಹೊರಬರುವುದಿಲ್ಲ, ಕಡೆಗೆ ಗಿಡವೇ ಕೊಳೆಯುತ್ತದೆ. ಹಳೆಯ ಎಲೆ ಕಾಗದದಂತೆ ಒಣಗುವವರೆಗೆ ಕೈ ಕಟ್ಟಿ ಕೂರಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೂರಿನ ಕೆಳಗೆ, ಎರಚಲು ತಾಗದ, ಗಾಳಿಯಾಡುವ ಕಡೆ ಇಡತಕ್ಕದ್ದು.

ಚೆನ್ನಾಗಿ ಬೆಳೆದರೆ ಮೂರು ನಾಲ್ಕನೆಯ ವರ್ಷ, ಮಳೆಗಾಲ ಕಳೆದ ಮೇಲೆ, ಸೀಳಿನಿಂದ ಹಳದಿ ಅಥವಾ ಬಿಳಿಯ ಹೂವು ಮಧ್ಯಾಹ್ನದ ಹೊತ್ತಿಗೆ ಅರಳುತ್ತದೆ. ನಮ್ಮ ರೊಬಸ್ಟಾದ ಹಾಗೆ ಇದಕ್ಕೂ ಸಾಮಾನ್ಯವಾಗಿ ತನ್ನದೇ ಪರಾಗ ಹಿಡಿಯುವುದಿಲ್ಲ. ಬೀಜದಿಂದ ಬೆಳೆದ ಬೇರೊಂದು ಗಿಡ ಅದೇ ಸಮಯಕ್ಕೆ ಹೂ ಬಿಟ್ಟಿದ್ದರೆ ಮೆತ್ತನೆಯ ಕುಂಚದಿಂದ ಪರಾಗ ಮುಟ್ಟಿಸಬಹುದು.

ಒಣಗಿದ ಕಾಯಿಯ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿ. ಹೂಮಳೆಗೆ ಕಾಫಿ ಮೊಗ್ಗು ಎಚ್ಚರವಾದಂತೆ ಅದು ಕೆಲವೇ ನಿಮಿಷಗಳಲ್ಲಿ ನಕ್ಷತ್ರದಂತೆ ಬಿರಿಯುತ್ತದೆ. ಮಳೆಹನಿ ಬಡಿದಾಗ ಒಂದಷ್ಟು ಬೀಜ ಹೊರಗೆ ಚಿಮ್ಮುತ್ತದೆ. ಒಣಗಿದ ಮೇಲೆ ಕಾಯಿ ಮತ್ತೆ ಮುಚ್ಚಿಕೊಂಡು ಉಳಿದದ್ದನ್ನು ಮುಂದಿನ ಮಳೆಗೆ ಕಾದಿಡುತ್ತದೆ. ಗಿಡವೇ ಒಂದು ಮಳೆಯನ್ನು ನಂಬಿ ಎಲ್ಲವನ್ನೂ ಚೆಲ್ಲುವುದಿಲ್ಲ. ನಾವೂ ಅಷ್ಟೆ, ಕೈಯಲ್ಲಿರುವ ಬೀಜದಲ್ಲಿ ಅರ್ಧವನ್ನು ಮಾತ್ರ ಬಿತ್ತುವುದು ಕ್ಷೇಮ. ಒಣ ಡಬ್ಬಿಯಲ್ಲಿಟ್ಟರೆ ಬೀಜ ಹಲವು ವರ್ಷ ಕೆಡುವುದಿಲ್ಲ.

ಮನೆಯಲ್ಲಿ ಕಾಯಿ ಕಟ್ಟಿದ ವರ್ಷ ನೆರೆಹೊರೆಯವರಿಗೂ ನಾಲ್ಕು ಬೀಜ ಕೊಡಿ. ಅವರ ಕುಂಡದಲ್ಲಿ ಎಷ್ಟು ಗಿಡ ಬೆಳೆದವೋ ಅಷ್ಟನ್ನು ಯಾರೂ ಆ ಬಯಲಿನಿಂದ ಕೀಳಬೇಕಾಗಿಲ್ಲ.